ಅಮ್ಮಾ, ಆ ಬಣ್ಣ ಮುಟ್ಟಬೇಡ

ಅಮ್ಮಾ,

ನೀನು ಅಂಗಡಿಯಿಂದ ಬರುವಾಗ ನಾನಿರುವುದಿಲ್ಲ. ಇಂಟರ್ನೆಟ್ಟಿನ ನಿಮ್ಮ ಹೊಲಿಗೆ ಫೋರಮ್ಮಿನ ಹೊಸ ರೂಪ ನೋಡಿ ನಿನ್ನ ದರ್ಜಿ ಗೆಳತಿಯರು ನಕ್ಕರೆ ಏನು ಗತಿ ಅಂತ ಬೆಳಗ್ಗೆಯಿಂದ ಅದನ್ನೇ ತಿದ್ದುತ್ತ ಕೂತಿದ್ದೆ.

ನಿನ್ನೆಯಿಂದ ಯಾರೂ ಉತ್ತರ ಬರೆಯುತ್ತಿಲ್ಲ ಅಂತ ಮುಖ ಊದಿಸಿಕೊಂಡಿದ್ದೆಯಲ್ಲ, ಕಾರಣ ಸಿಕ್ಕಿತು. "ನೂಲು ಬಟ್ಟೆಯ ಬಣ್ಣದ್ದೇ ಇರಬೇಕು ಕಣೇ, ಹೊಲಿಗೆ ಕಾಣಬಾರದು" ಅಂತ ಹೇಳಿ, 'ಉತ್ತರಿಸಿ' ಅನ್ನುವ ಅಕ್ಷರಗಳಿಗೂ ಪುಟದ ತಿಳಿಹಸಿರನ್ನೇ ಹಚ್ಚಿಬಿಟ್ಟಿದ್ದೀಯ. ಎಲ್ಲಿ ಒತ್ತಬೇಕೆಂದೇ ಕಾಣದಿದ್ದರೆ ಪಾಪ, ಅವರೇನು ಮಾಡಿಯಾರು? ಅದನ್ನು ಕಡುನೀಲಿ ಮಾಡಿದೆ. ಮಾಡಿದ್ದೇ ತಡ, ತಲೆಬರಹ ಪುಟದ ಬುಡಕ್ಕೆ ಹೋಗಿ ಕೂತಿತು. ಅದನ್ನು ಮೇಲೆತ್ತಿದರೆ ಎಲ್ಲರ ಫೋಟೊ ಮಾಯ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸುಕ್ಕು. ಅಂತೂ ಈಗ ಎಲ್ಲ ನೆಟ್ಟಗಿದೆ, ನಿನ್ನ ಕೈ ಸುಮ್ಮನಿದ್ದರೆ ಸಾಕು.

ಊಟ ಮುಚ್ಚಿಟ್ಟಿದ್ದೇನೆ. ಮೊದಲು ಉಣ್ಣು, ಫೋರಂ ಎಲ್ಲಿಗೂ ಓಡಿಹೋಗುವುದಿಲ್ಲ.

ಇದು ಯಾರ ಕೆಲಸ ಅಂತ ಅವರು ಕೇಳಿದರೆ "ನಮ್ಮ ಅಳಿಯಂದು" ಅನ್ನು ಅಂತ ಹೇಳಿಕೊಟ್ಟಿದ್ದೆನಲ್ಲ, ಅದು ಬೇಡ. ಭಾವನಿಗೆ ಇದರ ತಲೆಬುಡ ಗೊತ್ತಿಲ್ಲ. "ಇದನ್ನು ಮಾಡಿದ್ದು ನಾನೇ" ಅಂತ ಈಗಷ್ಟೇ ಖಾಲಿ ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ, ನಾಲಿಗೆ ತೊದಲಲಿಲ್ಲ. ನೀನೂ ಹಾಗೇ ಹೇಳು: ಮಾಡಿದ್ದು ನಿನ್ನ ಕಿರಿಮಗಳು.