ಬಸ್ಸು ಬಿಡೋ ಮುಂಚಿನ ಎಣಿಕೆ

ಅಪ್ಪಾ,

ಇವತ್ತು ತೋಟ ನೋಡೋಕೆ ಬರೋರನ್ನ ನಾನೇ ಸುತ್ತಾಡಿಸ್ತೀನಿ. ನಿನ್ನ ಬೂಟು ಬಚ್ಚಿಟ್ಟಿದ್ದೀನಿ, ಹುಡುಕಬೇಡ. ಊಟ ಮುಚ್ಚಿಟ್ಟಿದೆ, ಬಿಸಿ ಮಾಡ್ಕೊಂಡು ತಿನ್ನು.

ಎರೆಹುಳು, ಗೊಬ್ಬರದ ಗುಂಡಿ, ಸೋಲಾರ್ ಪಂಪು ಎಲ್ಲಾ ನೀನು ಹೇಳೋ ಹಾಗೇ ಹೇಳ್ತೀನಿ. ಮೀನಿನ ಹೊಂಡ ಮಾತ್ರ ದೂರದಿಂದ ತೋರಿಸ್ತೀನಿ.

ಹೋದ ವಾರ ನೀನು ಬಸ್ಸು ಹತ್ತಿದೋರನ್ನ ಎಣಿಸಿ, "ಒಬ್ಬ ಕಮ್ಮಿ, ಹೊಂಡದ ಹತ್ರ ಉಳ್ಕೊಂಡಿದ್ದಾನೆ" ಅಂತ ಹಟ ಹಿಡಿದೆ. ಪಾಪ, ಬಂದೋರೆಲ್ಲ ಎದ್ದೂ ಬಿದ್ದೂ ಅಲ್ಲಿಗೆ ಓಡಿದ್ರು. ತಮ್ಮ ಮುಳುಗಿ ಮೂರು ವರ್ಷ ಆಯ್ತಪ್ಪಾ.

ಅವನು ಮುಳುಗಿದ ದಿನ ಎಣಿಸಿದ್ದು ನಾನು. ಬಂದೋರನ್ನೆಲ್ಲ ಸರಿಯಾಗೇ ಎಣಿಸಿದೆ, ಮನೆಯವನನ್ನ ಬಿಟ್ಟೆ. ಆಮೇಲೆ ನೀನು ಆ ಕೆಲಸ ನಂಗೆ ಕೊಡಲೇ ಇಲ್ಲ.

ಇವತ್ತು ನಾನು ಎಣಿಸ್ತೀನಿ. ನಂಗೂ ಒಬ್ಬ ಕಮ್ಮಿ ಬಂದ್ರೆ ಬಸ್ಸು ತಡೆಯಲ್ಲ. ಮನೆಗೆ ಬಂದು ನಿಂಗೊಬ್ಬನಿಗೇ ಹೇಳ್ತೀನಿ.