ನರಪಿಳ್ಳೆಯೂ ಇಲ್ಲದ ಬ್ಯಾಂಡ್

ಸೋಮವಾರ, ಮಧ್ಯಾಹ್ನ

ಹವ್ಯಾಸಿ ರೇಡಿಯೊ ಸಂಘದ ಸನ್ಮಾನ್ಯ ಅಧ್ಯಕ್ಷರೂ, ನನ್ನ ಹಣೆಬರಹದಿಂದ ಯಜಮಾನರೂ ಆದವರಿಗೆ,

ನಿನ್ನೆಯ ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ನೀವು ನೋಡಿದಿರಿ. ನೋಡಿ ಕನ್ನಡಕ ಒರೆಸಿಕೊಂಡಿರಿ.

ಮಧ್ಯಮ ತರಂಗದಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಸಿಕ್ಕಿರುವುದು ರೇಡಿಯೊ ಅಲೆಗಳ ಒಂದು ಚೂರು ಬ್ಯಾಂಡ್, ಹಿಂದೆ ಹಡಗುಗಳು ಮಾತಾಡುತ್ತಿದ್ದ ಜಾಗದ ಪಕ್ಕದ್ದು. ಯಾರಾದರೂ ಬಳಸುತ್ತಾರೆಯೇ, ಇಲ್ಲದಿದ್ದರೆ ವಾಪಸು ಪಡೆಯುತ್ತೇವೆ ಎಂದು ಪರವಾನಗಿ ಕಚೇರಿ ಕೇಳಿದೆ. ವಾಕಿಟಾಕಿ ಮಾರುವ ನಿಮ್ಮ ಕಾರ್ಯದರ್ಶಿ ಆಕಳಿಸುತ್ತ, "ಬಿಟ್ಟಾಕಿ ಸಾರ್, ಅದಕ್ಕೆ ಏರಿಯಲ್ ತಂತಿ ಕಟ್ಟೋಕೇ ಒಂದು ಬೀದಿ ಬೇಕು" ಅಂದ. ಅವನ ಬುದ್ಧಿ ಅವನ ಅಂಗಡಿಯಷ್ಟೇ ಅಗಲ, ಅವನನ್ನು ಬಿಡಿ. ಆದರೆ ನೀವು ಎದ್ದು ನಿಂತು, "ಅಲ್ಲಿ ನರಪಿಳ್ಳೆನೂ ಇಲ್ಲ" ಅಂದಿರಿ. ಚಪ್ಪಾಳೆ ಬೇರೆ.

ಹಾಗಾದರೆ ಶನಿವಾರ ಸಂಜೆ ಅದೇ ಬ್ಯಾಂಡಿನಲ್ಲಿ, ಮೋರ್ಸ್‌ನ ಚುಕ್ಕೆ ಗೆರೆಗಳಲ್ಲಿ, ನನ್ನ ಮಂಡಿನೋವು ವಿಚಾರಿಸಿದ್ದು ಯಾರು? ದೆವ್ವವೇ?

ಹೋದ ವರ್ಷ ಮನೆಯಲ್ಲಿ ನಮ್ಮಿಬ್ಬರ ಮಾತಿಗೆ ಮಾತು ಬೆಳೆದು ನೀವು ನಿಮ್ಮ ತಮ್ಮನ ಮನೆ ಸೇರಿದಿರಿ. ಈ ವಯಸ್ಸಿನಲ್ಲಿ ನಾನು ಪರೀಕ್ಷೆ ಕಟ್ಟಿ ಪರವಾನಗಿ ತೆಗೆದುಕೊಂಡೆ, ಪಕ್ಕದ ಮನೆಯವರ ಕಾಲು ಹಿಡಿದು ನಮ್ಮ ನೀರಿನ ಟ್ಯಾಂಕಿನಿಂದ ಅವರ ಮಹಡಿಯವರೆಗೆ ತಂತಿ ಎಳೆಸಿದೆ. ನೀವೊಬ್ಬರೇ ಕಿವಿಗೊಟ್ಟು ಕೂರುವ ಆ ಬ್ಯಾಂಡಿನಲ್ಲಿ ಮೊದಲ ಸಂಜೆ ನಿಮ್ಮನ್ನು ಕರೆದಾಗ, ನೀವು ನನ್ನ ಹೆಸರನ್ನೇ ಎರಡು ಸಲ ತಪ್ಪಾಗಿ ಕುಟ್ಟಿದಿರಿ.

ನನಗೆ ಮೋರ್ಸ್ ಕಲಿಸಿದ ತಂತಿ ಕಚೇರಿ ಮುಚ್ಚಿದಾಗ ನಾನು ಅಲ್ಲಿ ಗುಮಾಸ್ತೆ. "ಯಾರೂ ಬರುವುದಿಲ್ಲ" ಎಂದು ಷರಾ ಬರೆದ ಮೇಲಧಿಕಾರಿ ಒಂದು ದಿನವೂ ಕೌಂಟರಿನ ಈಚೆ ಬಂದು ಸಾಲು ನೋಡಿದವನಲ್ಲ. ಅವನನ್ನು ಬಾವಿಕಪ್ಪೆ ಎಂದು ಬೈದವರು ನೀವೇ. ಅವನೇ ವಾಸಿ. ಅವನಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು.

ಕಾರಣ ನಾನು ಬಲ್ಲೆ. ಸಂಘದಲ್ಲಿ ನೀವು ಸಂಸಾರದ ಗೊಡವೆ ಬಿಟ್ಟ ಋಷಿ. ಆ ಬ್ಯಾಂಡಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ "ನನ್ನ ಹೆಂಡತಿ" ಅನ್ನಬೇಕಾಗುತ್ತಿತ್ತು. ಬಿರುಗಾಳಿಯಲ್ಲೂ ಹಡಗಿನ ರೇಡಿಯೊ ಕೋಣೆ ಬಿಟ್ಟು ಏಳದಿದ್ದ ಶೂರರು ಇಷ್ಟಕ್ಕೆ ಬೆವರಿದಿರಿ. ಥೂ!

ಬ್ಯಾಂಡ್ ಹೋದರೆ ನನಗೇನೂ ನಷ್ಟವಿಲ್ಲ. ಆ ತಂತಿಯ ಮೇಲೆ ಬಟ್ಟೆ ಒಣಹಾಕುತ್ತೇನೆ. ಈ ಕಾಗದವನ್ನು ಓರಗಿತ್ತಿಯ ಕೈಲಿ ಕಳಿಸುತ್ತಿದ್ದೇನೆ. ಅವಳೆದುರು ಓದಬೇಡಿ, ಮುಖ ಕೆಂಪಾಗುತ್ತದೆ.

ಇತಿ,
ನಿಮ್ಮ ಸಭೆಯ ತೀರ್ಮಾನದಂತೆ ಎಲ್ಲಿಯೂ ಇಲ್ಲದವಳು

ತಾ.ಕ.: ನಷ್ಟವಿಲ್ಲ ಎಂದು ಬರೆದದ್ದು ಸುಳ್ಳು. ಬೆಳಿಗ್ಗೆಯೇ ಪರವಾನಗಿ ಕಚೇರಿಗೆ ಹೋಗಿ, ಆ ಬ್ಯಾಂಡಿನಲ್ಲಿ ಇಬ್ಬರಿದ್ದೇವೆ, ಒಬ್ಬರು ಅಧ್ಯಕ್ಷರು, ಇನ್ನೊಬ್ಬಳು ಅವರ ಹೆಂಡತಿ ಎಂದು ಎಲ್ಲರೆದುರೇ ಹೇಳಿ ಬಂದೆ. ಅಧಿಕಾರಿ ನಕ್ಕು, "ಫೋನಲ್ಲೇ ಮಾತಾಡ್ಬಹುದಲ್ಲಮ್ಮಾ?" ಅಂದರು. "ಫೋನಲ್ಲಿ ಜಗಳ ಆಗತ್ತೆ ಸಾರ್. ಇಲ್ಲಿ ಒಂದೊಂದೇ ಅಕ್ಷರ ಕುಟ್ಟೋಷ್ಟ್ರಲ್ಲಿ ಸಿಟ್ಟು ಇಳಿದಿರತ್ತೆ" ಅಂದೆ. ನಾಳೆ ನಿಮ್ಮನ್ನೂ ಕರೆಸಿ ಕೇಳುತ್ತಾರಂತೆ. ಹೌದು ಅನ್ನುವುದೋ ಇಲ್ಲ ಅನ್ನುವುದೋ ನಿಮಗೆ ಬಿಟ್ಟದ್ದು. ಇಲ್ಲ ಅನ್ನುವುದಾದರೆ ಮಾತ್ರ ಇವತ್ತು ಸಂಜೆ ನನ್ನನ್ನು ಕರೆಯಬೇಡಿ. ಕರೆದರೆ ನಾನು ಉತ್ತರ ಕೊಟ್ಟೇಬಿಡುತ್ತೇನೆ.