ಹೆಸರಿಲ್ಲದ ಕಥೆಗೆ ಹಾಕಿದ ಕಾಮೆಂಟು

ಜುಲೈ 3, 2023, ಸಂಜೆ

ದೇವಾಪುರದ ಬಸ್ಸಿನಲ್ಲೇ ವಾಟ್ಸಾಪ್ ಗ್ರೂಪ್ ಓಪನ್ ಮಾಡಿದೆ. ನಮ್ಮ ಕಥೆಗಾರರ ಕಾಲುವೆ ಬಳಗದ ಈ ತಿಂಗಳ ಕಥೆ ಬಂದಿದೆ. ಎಂದಿನಂತೆ ಹೆಸರಿಲ್ಲ. ಬರೆದವರು ಹೊಸಬರೋ, ಹತ್ತು ಪುಸ್ತಕದವರೋ — ಅಧ್ಯಕ್ಷ ಹುಲಗಪ್ಪ ಸರ್‌ಗೆ ಮಾತ್ರ ಗೊತ್ತು. ಎಲ್ಲರಿಗೂ ಒಂದೇ ತಕ್ಕಡಿ.

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನದ ಕಥೆ. ತಾಯಿಯೊಬ್ಬಳು ದಂಡೆಗೆ ಹೋಗಿ ನೀರಿಗೇ ಬೈಯುತ್ತಾಳೆ: 'ಬಂದೇನ ಮುರ್ದಾರ! ಇಷ್ಟ ವರ್ಷ ಎಲ್ಲಿ ಸತ್ತಿದ್ದಿ?' ಇಡೀ ಕಥೆ ಹೀಗೇ, ಸಂತೆಯಲ್ಲಿ ಮಾತಾಡಿದ ಹಾಗೆ. ನಡುನಡುವೆ ಉರ್ದು. ಯಾರೋ ನನ್ನಂಥ ಹೊಸಬ.

ಟೈಪಿಸಿದೆ: 'ಫೀಲಿಂಗ್ ಐತಿ, ಭಾಷಾ ಭಾಳ ಕಚ್ಚಾ ಐತಿ ಬ್ರೋ. ಮೊದ್ಲ ಹಜರಾಬೀ ಮೇಡಂ ಕಥಿ ಓದ್ರಿ. ಕನ್ನಡ ಅಂದ್ರ ಏನು ಅಂತ ಗೊತ್ತಾಗತೈತಿ.'

ಥಂಬ್ಸಪ್‌ಗಳ ಸುರಿಮಳೆ! ನಮ್ಮ ಕಡೆಯ ದೊಡ್ಡ ಕಥೆಗಾರ್ತಿ ಮೇಡಂ ಕೂಡ ಗ್ರೂಪಿನಲ್ಲಿದ್ದಾರೆ. ದೇವರೇ, ನೋಡಲಿ...

ಜುಲೈ 5

ನೋಡಿದ್ದಾರೆ! ಏನೂ ಬರೆದಿಲ್ಲ. ದೊಡ್ಡವರು ಹಾಗೇ. ಅವರ ಯಾವ ಸಾಲು ಕೊಟ್ಟರೂ ಕಣ್ಣು ಮುಚ್ಚಿ ಗುರುತಿಸುತ್ತೇನೆ — ಇದೊಂದನ್ನು ಅವರಿಗೆ ಹೇಳಬೇಕು.

ಜುಲೈ 11

ಹುಲಗಪ್ಪ ಸರ್ ಫೋನ್. 'ರೇಣಮ್ಮ, ಸುರಪುರದ ಮೀಟಿಂಗಿನ್ಯಾಗ ಓದೋ ಪಾಳಿ ನಿಂದು.'

ಬಳಗದಲ್ಲಿ ತಮ್ಮದನ್ನು ತಾವೇ ಓದುವಂತಿಲ್ಲ. ಹೊಸಬರದನ್ನು ಹಿರಿಯರು, ಹಿರಿಯರದನ್ನು ಹೊಸಬರು.

'ಯಾರ ಕಥಿ ಸರ್?'

'ಅದ, ಕಾಲುವಿದು. ಹಜರಾಬೀ ಮೇಡಮ್ಮರದು.'

...

'ಹಲೋ? ನೆಟ್‌ವರ್ಕ್ ಹೋತೇನವ್ವ?'

ಜುಲೈ 12

ಕಾಮೆಂಟ್ ಡಿಲೀಟ್ ಆಗುತ್ತಿಲ್ಲ. ಟೈಮ್ ಮೀರಿದೆ.

ಜುಲೈ 15

ಶಹಾಪುರ. ಮೇಡಂ ಮನೆ. ಬಾಗಿಲು ತೆಗೆದವರೇ, 'ಬಾರವ್ವ ಬ್ರೋ,' ಎಂದರು. ಅವರೇ ನಕ್ಕರು. ನನಗೆ ಆಗಲಿಲ್ಲ.

'ಸಾರಿ ಮೇಡಂ. ನಿಮ್ದು ಅಂತ ಗೊತ್ತಿರಲಿಲ್ರಿ.'

'ಗೊತ್ತಿದ್ರ ಛಲೋ ಐತಿ ಅಂತಿದ್ದಿ. ಹೌದಿಲ್ಲೋ?'

ಚಹಾ ಕೈಗಿಟ್ಟು ತಾವೇ ಮುಂದುವರಿಸಿದರು.

'ನಾ ಮೊದಲ ಕಥಿ ಕಳಿಸಿದಾಗ ಎಡಿಟರೂ ಇದನ್ನ ಅಂದಿದ್ರು. ಕಚ್ಚಾ ಐತಿ ಅಂತ. ತಿದ್ದಿದೆ. ಆಮ್ಯಾಲ ಬರದಿದ್ದೆಲ್ಲಾ ತಿದ್ದಿದ ಭಾಷಾನ. ಈ ವಯಸ್ನ್ಯಾಗ ಒಂದ್ಸಲ ನಮ್ಮ ಅಮ್ಮಿ ಮಾತಾಡಿದಂಗ ಬರಿಯೂನು ಅಂದ್ರ... ನೀನೂ ಅಂದಿ.'

ಹೊಸ ಹಾಳೆಗಳನ್ನು ಕೊಟ್ಟರು. ತಿದ್ದಿದ್ದಾರೆ. ಅಮ್ಮಿ ಈಗ ಬೈಯುವುದಿಲ್ಲ. 'ತಾಯಿಯು ಮೌನವಾಗಿ ಜಲರಾಶಿಯನ್ನು ನೋಡುತ್ತ ನಿಂತಳು.'

'ಮೊದ್ಲ ಬರದಿದ್ದನ್ನ ಓದ್ತೀನಿ ಮೇಡಂ, ಪ್ಲೀಸ್.'

'ಬ್ಯಾಡ. ಇದು ನನ್ನ ಕಡೀ ಕಥಿ. ಮಂದಿ ನಗೋದು ಬ್ಯಾಡ.'

ಕಡೆಯದಂತೆ. ಅದೂ ಹೀಗೆ ತಿದ್ದಿದ್ದು. ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಜುಲೈ 23, ಭಾನುವಾರ, ಸುರಪುರ ಬಸ್ ಸ್ಟ್ಯಾಂಡ್

ತಿದ್ದಿದ್ದನ್ನೇ ಓದಿದೆ. ಜೋರು ಚಪ್ಪಾಳೆ. 'ಇದು ನೋಡ್ರಿ ಹಜರಾಬೀ ಮೇಡಂ ಅವರ ಕಲಮು!' ಎಂದರು ಹುಲಗಪ್ಪ ಸರ್. ಮೇಡಂ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಕಥೆ ಮುಗಿದದ್ದೇ ಗೊತ್ತಿಲ್ಲದವರ ಹಾಗೆ.

ವೇದಿಕೆಯಿಂದ ಇಳಿಯಬೇಕಿತ್ತು. ಇಳಿಯಲಿಲ್ಲ.

'ಇದು ಮೊದ್ಲ ಹಿಂಗ ಇರಲಿಲ್ರಿ. ನನ್ನ ಕಾಮೆಂಟಿಂದ ಹಿಂಗಾಗೇತಿ.'

ಮೊಬೈಲಿನಲ್ಲಿ ಮೊದಲಿನದನ್ನು ತೆಗೆದೆ. ಓದಲು ಶುರು ಮಾಡಿದೆ.

'ನಿಂದ್ರು!'

ಮೇಡಂ ಎದ್ದರು. ಎಲ್ಲರ ಮುಂದೆ ಕೆನ್ನೆಗೆ ಬಾರಿಸುತ್ತಾರೆ ಅಂತಲೇ ಅಂದುಕೊಂಡೆ. ಮೇಲೆ ಬಂದು ಕೈ ಚಾಚಿದರು.

'ಕೊಡಿಲ್ಲಿ. ನಮ್ಮ ಅಮ್ಮಿ ಬೈಗಳ ನಿನ್ನ ಬಾಯಾಗ ಮೆತ್ತಗಾಗ್ಯಾವ.'

'ಮೇಡಂ, ತಮ್ದು ತಾವ ಓದಂಗಿಲ್ರಿ... ನಿಯಮ...' ಎಂದರು ಹುಲಗಪ್ಪ ಸರ್. ಸರ್ ಹೈಸ್ಕೂಲಿನಲ್ಲಿ ಮೇಡಂ ಶಿಷ್ಯ.

'ಸುಮ್ಮ ಕುಂದ್ರೋ ಹುಲಗ್ಯಾ.'

ಓದತೊಡಗಿದರು. ಎರಡನೇ ಸಾಲಿಗೇ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಿಲ್ಲಿಸಿದರು. ಕನ್ನಡಕದ ಮೇಲಿಂದ ಆ ಕಡೆ ನೋಡಿದರು. ಆಮೇಲೆ ನಕ್ಕವರ ಕಡೆಗೇ ತಿರುಗಿ, ಮೊದಲಿಗಿಂತ ಜೋರಾಗಿ ಓದಿದರು: 'ಬಂದೇನ ಮುರ್ದಾರ! ಇಷ್ಟ ವರ್ಷ ಎಲ್ಲಿ ಸತ್ತಿದ್ದಿ?'